ಮೂರನೇ ಬಂಡೆಯ ಹಿಂದೆ

ಮಾಮಾ, ಸಮುದ್ರ ನೋಡು ಅಂದಳು ಶೇಜಲ್,
ಫೋನು ನನ್ನ ಕಡೆ ತಿರುಗಿಸಿ.
ಬೈತಖೋಲದಲ್ಲಿ ಬಂದಿ ತಿಂಗಳು,
ಮೇಲೆಳೆದ ಬೋಟಿನ ಮೂತಿಯ ಮೇಲೆ
ಸಾಂತೇರಿ ಪ್ರಸಾದದ ‘ಸಾ’ ಬರೆದು
ಅದರ ಇಳಿ ಒಣಗಲೆಂದು ಬೀಡಿ ಹಚ್ಚಿದ್ದೆ.
ನೋಡಿದೆ.

ಒಂದು ನೀಲಿ ಚೌಕ. ಪಕ್ಕದಲ್ಲಿ ಅದೇ ಚೌಕ.
ಅದರ ಪಕ್ಕ, ಅದೇ.
ಬಚ್ಚಲಿಗೆ ಹಾಕಿದ ಹಾಗೆ
ಸಮುದ್ರಕ್ಕೆ ಟೈಲ್ಸ್ ಹಾಕಿದ್ದಾರೆ,
ಸಂದಿಗೆ ಬಿಳಿ ಸಿಮೆಂಟು ತುಂಬುವುದೊಂದು ಬಾಕಿ.

ದೋಣಿ ಹೋಗುತ್ತದೆ, ನೀರು ಸೀಳುವುದಿಲ್ಲ.
ಹುಟ್ಟು ಒಂದು ಕಡೆ, ಹಾಕುವವನ ಕೈ ಇನ್ನೊಂದು ಕಡೆ.
ತೆಂಗಿನ ನೆರಳು ಪಡುವಣಕ್ಕೆ, ಮನುಷ್ಯನ ನೆರಳು ಮೂಡಣಕ್ಕೆ,
ಅಂದರೆ ಎರಡು ಸೂರ್ಯ ಇರಬೇಕು,
ಆಕಾಶದಲ್ಲಿ ಹುಡುಕಿದರೆ ಒಂದೂ ಇಲ್ಲ.
ದಂಡೆಗಿಳಿದವನು ಮೊಣಕಾಲ ತನಕ ಮರಳಲ್ಲಿ ಹೂತು ನಡೆಯುತ್ತಾನೆ,
ಹೆಜ್ಜೆ ಗುರುತು ಮಾತ್ರ ಬೀಳುವುದಿಲ್ಲ.
ಮೀನು ಮಾರುವ ಹೆಂಗಸರು ಹನ್ನೊಂದು ಜನ,
ಹನ್ನೊಂದಕ್ಕೂ ಒಂದೇ ಮುಖ.
ನಮ್ಮ ಪೇಟೆಯಲ್ಲಿ ಹೀಗಿದ್ದಿದ್ದರೆ
ಯಾರಿಗೆ ಸಾಲ ಹೇಳಿದ್ದೆನೆಂದು ಅವರಿಗೇ ತಿಳಿಯದೆ
ನಾನು ಬದುಕಿಕೊಳ್ಳುತ್ತಿದ್ದೆ.

ಯಾರು ಬಳಿದದ್ದು ಇದನ್ನು?
ನೀರು ನೋಡಿದ್ದಾನಾ ಅವನು, ಕೊಡಪಾನದ್ದಾದರೂ?
ಎಲ್ಲಿಯ ನೀಲಿ! ಇಲ್ಲೇ ನೋಡು,
ಬೆಳಿಗ್ಗೆ ಎಳನೀರಿನ ಬಣ್ಣ,
ಮಧ್ಯಾಹ್ನ ಬಂಗಡೆಯ ಹೊಟ್ಟೆ,
ಮಳೆ ಬಿದ್ದ ಮರುದಿನ ಕಾಳಿ ನದಿ
ಸಾವಿರ ಹಂಡೆ ಚಹಾ ತಂದು ಸುರಿದಿರುತ್ತದೆ,
ದೇವಗಡದ ದೀಪಸ್ತಂಭದ ತನಕ ಕೆಂಪು.
ನೀಲಿ ಡಬ್ಬಿ ಒಂದನ್ನೇ ತೆರೆದು ಸಮುದ್ರ ಅನ್ನುವವನಿಗೆ
ನಾನಾದರೆ ಬ್ರಷ್ ತೊಳೆಯಲೂ ಕೊಡುವುದಿಲ್ಲ.

ಫ್ರೀ ಗೇಮು ಮಾಮಾ, ಅಂದಳು ತಲೆ ಎತ್ತದೆ.
ಎಂಬತ್ತು ಎಂಬಿ. ಚೆಂದದ್ದು ಹಾಕಿದರೆ
ಫೋನು ಬಿಸಿಯಾಗಿ ಆಫ್ ಆಗ್ತದೆ.
ಒಡೆದ ಗಾಜಿನ ಗೆರೆಯೊಂದು ಸಮುದ್ರದ ನಡುವೆ ಹಾದಿತ್ತು,
ಅಲೆ ಅಂತ ಕಾಣುತ್ತಿದ್ದದ್ದು ಅದೊಂದೇ.

ಬಾಯಿ ಮುಚ್ಚಿದೆ.
ಮಾಜಾಳಿಯ ನಾಟಕಕ್ಕೆ ಪರದೆ ಬರೆದವನು ನಾನು.
ಕೊಟ್ಟ ದುಡ್ಡಿಗೆ ಬಂದದ್ದು ಎರಡು ಡಬ್ಬಿ ನೀಲಿ, ಒಂದು ಬಿಳಿ.
ರಟ್ಟಿನಲ್ಲಿ ಒಂದು ಅಲೆ ಕತ್ತರಿಸಿಕೊಂಡು
ಅದನ್ನೇ ನಲವತ್ತು ಸಲ ಒತ್ತಿದೆ.
ಟೈಲ್ಸೇ ಅದೂ.
ಪಕ್ಕದಲ್ಲಿ ಫ್ಯಾನಿಟ್ಟಾಗ ಸಮುದ್ರದ ಅಂಚು ಮಡಚಿ
ಹಿಂದೆ ನಿಂತ ಹಾರ್ಮೋನಿಯಂನವನ ಚಪ್ಪಲಿ ಕಂಡಿತು.
ಜನ ನಕ್ಕರು.

ಆದರೆ ಎರಡನೇ ಅಂಕದಲ್ಲಿ ನಾಯಕ ದೋಣಿ ಬಿಟ್ಟಾಗ
ಮುಂದಿನ ಸಾಲಿನಿಂದ ಗಣಬಾ ತಾಂಡೇಲ,
ಹುಟ್ಟು ಹಿಡಿದೇ ಬೆನ್ನು ಬಾಗಿದವನು,
ಎದ್ದು ನಿಂತು ಕೂಗಿದ:
ಎಡಕ್ಕೆ ಹೊರಳಿಸೋ, ಎಡಕ್ಕೆ! ಬಂಡೆ ಇದೆಯೋ ಅಲ್ಲಿ!
ಇತ್ತು.
ಕೂರ್ಮಗಡದ ಎದುರಿನ ಬಂಡೆ, ಅದರ ಒಡಕು,
ನೀರು ಇಳಿದಾಗ ಕಾಣುವ ಸಿಂಪಿಯ ಬಿಳಿ ಪಟ್ಟೆ.
ಅದೊಂದನ್ನು ಮಾತ್ರ ನಾನು ಮೂರು ಮಧ್ಯಾಹ್ನ ಕೂತು
ನೋಡಿ ಬರೆದಿದ್ದೆ.
ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಶೇಜಲ್ ಎಲ್ಲೋ ದಾರಿ ತಪ್ಪಿದಳು.
ದಂಡೆಯ ತುದಿ. ಸಾಬೂನಿನ ತುಂಡಿನಂತೆ ಮೂರು ಬಂಡೆ,
ಮೂರೂ ಒಂದೇ ಅಚ್ಚು.
ಮೂರನೆಯದರ ಹಿಂದೆ,
ತಡಿ, ತಡಿ, ನಿಲ್ಲಿಸು,
ಒಂದು ಏಡಿ.

ಅಯ್ಯ, ಕುರ್ಲಿ! ಅಂದಳು.
ಅಡ್ಡಡ್ಡ ನಾಲ್ಕು ಹೆಜ್ಜೆ ಓಡಿತು, ನಿಂತಿತು.
ಒಂದು ಕೊಂಬು ದೊಡ್ಡದು, ಒಂದು ಸಣ್ಣದು.
ಕಡ್ಡಿಯ ಮೇಲಿನ ಕಣ್ಣೊಂದನ್ನು ಮಡಚಿ, ಒರೆಸಿ,
ಮತ್ತೆ ನಿಲ್ಲಿಸಿತು.
ಕಾಲಡಿಯಲ್ಲಿ ಅದರದ್ದೇ ನೆರಳು,
ಎಷ್ಟಿರಬೇಕೋ ಅಷ್ಟೇ.

ಎಲ್ಲಿದ್ದಾನೋ, ಯಾವ ಊರೋ,
ಹನ್ನೊಂದು ಮುಖಕ್ಕೆ ಒಂದೇ ಮುಖ ಅಂಟಿಸಿ ಬೇಸತ್ತು
ಒಂದು ಸಂಜೆ ಯಾವುದೋ ಮರಳಲ್ಲಿ ಮಂಡಿಯೂರಿ
ಉಸಿರು ಬಿಗಿಹಿಡಿದು ಕೂತಿದ್ದ ಅವನು.

ಇದನ್ನು ಹಿಡಿದರೆ ಪಾಯಿಂಟು ಸಿಗ್ತದಾ?
ಇಲ್ಲ ಮಾಮಾ. ಇದಕ್ಕೆ ಏನೂ ಇಲ್ಲ.
ಆಟದವರು ಈ ಕಡೆ ಬರೋದೇ ಇಲ್ಲ.

ಬೀಡಿ ಆರಿತ್ತು.
‘ಸಾ’ದ ಇಳಿಯಿಂದ ಒಂದು ಹನಿ ಬಣ್ಣ
ಹಲಗೆಯುದ್ದ ಜಾರಿತ್ತು, ಒರೆಸಬೇಕಿತ್ತು.
ಇನ್ನೊಮ್ಮೆ ನಡೆಸು ಅಂದೆ,
ಬಂಡೆಯ ಆ ಬದಿಯಿಂದ, ನಿಧಾನ,
ಅದು ಹೆದರದ ಹಾಗೆ.